ಕೊಡಗಿನ ಕಡಂಗದಿಂದ ಹಿಂದೆಗೆದ ದಂಡನಾಯಕ

ಹಾಲೇರಿಯ ಅರಸುಮನೆತನದ ಹೆಸರನ್ನು ಅರಿಯದ ವೀರಶೈವ ಸಾಹಿತ್ಯಾಭ್ಯಾಸಿಗಳು ವಿರಳ. ಇಕ್ಕೇರಿಯ ರಾಜಬಂಧುವೊಬ್ಬನು ಜಂಗಮವೇಷದಲ್ಲಿ ಕೊಡಗಿಗೆ ಬಂದು ಜನರ ಭಕ್ತಿಯನ್ನು ಸಂಪಾದಿಸಿ ಕ್ರಮೇಣ ರಾಜ್ಯವನ್ನೇ ಕಟ್ಟಿದನೆಂದು ಐತಿಹ್ಯವು ಸಾರುತ್ತದೆ. ಆ ವಂಶದ ಕಡೆಯ ದೊರೆ ಚಿಕ್ಕವೀರರಾಜೇಂದ್ರನ ಪತನವನ್ನು 1956ರಲ್ಲಿ ಪ್ರಕಟವಾದ ಮಾಸ್ತಿಯವರ ಕಾದಂಬರಿಯು ಕನ್ನಡಿಗರ ಮನೆಮಾತಾಗಿಸಿತು. ಆದರೆ ಆ ಪತನಕ್ಕೆ ಕಾರಣವಾದ ಯುದ್ಧದಲ್ಲಿ ಗೆದ್ದ ಪಕ್ಷದ ದಂಡೊಂದು ಸೋತು ಹಿಂದೆಗೆದ ಪ್ರಸಂಗವನ್ನು ನಮ್ಮವರು ಅಷ್ಟಾಗಿ ಗಮನಿಸಿದಂತಿಲ್ಲ. ಆ ದಂಡಿನ ನಾಯಕ ಕರ್ನಲ್ ಗಿಲ್ಬರ್ಟ್ ವಾಘ್. ಅವನ ಮೇಲೆ ಬಂದ ನಿಂದೆ ಎಷ್ಟರಮಟ್ಟಿಗೆ ನ್ಯಾಯವಾದದ್ದೆಂಬುದನ್ನು ವಿಚಾರಿಸುವುದೇ ಈ ಬರಹದ ಉದ್ದೇಶ.

ಯುದ್ಧದ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1832ರಲ್ಲಿ ದೊರೆಯ ತಂಗಿ ದೇವಮ್ಮಾಜಿಯೂ ಆಕೆಯ ಪತಿ ಚನ್ನಬಸಪ್ಪನೂ ಮೈಸೂರಿಗೆ ಓಡಿಹೋಗಿ ಅಲ್ಲಿಯ ರೆಸಿಡೆಂಟನ ಆಶ್ರಯ ಪಡೆದರು. ಅವರನ್ನು ಒಪ್ಪಿಸಬೇಕೆಂದು ದೊರೆ ಹಟ ಹಿಡಿದನು; ಕಂಪನಿ ಸರ್ಕಾರ ಒಪ್ಪಲಿಲ್ಲ. ಸಂಧಾನಕ್ಕೆಂದು ಬಂದ ಕರುಣಾಕರ ಮೆನನ್ನನನ್ನು ದೊರೆ ತಡೆದಿರಿಸಿಕೊಂಡದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಬೆಂಟಿಂಕನು ಗವರ್ನರ್ ಜನರಲ್ ಆಗಿದ್ದ ಕಾಲವದು. 1834ರ ಮಾರ್ಚಿಯಲ್ಲಿ ಕರ್ನಲ್ ಫ್ರೇಸರನು ದೊರೆಯ ವಿರುದ್ಧ ಘೋಷಣೆಯನ್ನು ಹೊರಡಿಸಿದನು.

ಸುಮಾರು 6000 ಸೈನಿಕರನ್ನು ನಾಲ್ಕು ದಂಡುಗಳಾಗಿ ವಿಂಗಡಿಸಲಾಯಿತು. ಮುಖ್ಯ ನಾಯಕ ಲಿಂಡ್ಸೆ ಪೂರ್ವದಿಂದ ಕಾವೇರಿಯನ್ನು ದಾಟಿ ಬರಬೇಕು; ಫೌಲಿಸನು ಕಣ್ಣಾನೂರಿನಿಂದ ವೀರರಾಜಪೇಟೆಯ ಘಟ್ಟವನ್ನು ಹತ್ತಬೇಕು; ಜಾಕ್ಸನನು ಇಂದಿನ ಕಾಸರಗೋಡು ಜಿಲ್ಲೆಯ ಕುಂಬಳೆಯ ಕಡೆಯಿಂದ ಮೇಲೇರಬೇಕು; ವಾಘನು ಉತ್ತರದ ಗಡಿಯಿಂದ ಒಳನುಗ್ಗಬೇಕು. ಭೂಪಟದ ಮೇಲೆ ಇದು ಬಹು ಸುಂದರವಾದ ಯೋಜನೆ. ಆದರೆ ಕೊಡಗಿನ ಕಾಡು ಭೂಪಟವಲ್ಲ. ಒಂದು ದಂಡಿನಿಂದ ಇನ್ನೊಂದು ದಂಡಿಗೆ ಸುದ್ದಿ ಮುಟ್ಟುವುದೇ ದುಸ್ತರವಾಗಿದ್ದಾಗ, ಒಬ್ಬನಿಗೆ ಆಪತ್ತು ಒದಗಿದರೆ ಉಳಿದ ಮೂವರು ಒದಗುವುದೆಂತು?

ಏಪ್ರಿಲ್ 3ರಂದು ವಾಘನ ದಂಡು ಬಕ್ ಎಂದು ಇಂಗ್ಲಿಷ್ ಬರಹಗಳಲ್ಲಿ ಕಾಣಬರುವ ಊರಿನ ಬಳಿಯ ತಡೆಗೋಡೆಯ ಮುಂದೆ ಬಂದು ನಿಂತಿತು. ಕೊಡವರಿಗೆ ಇಂಥ ರಕ್ಷಣೆಯನ್ನು ಕಟ್ಟುವ ಕಲೆ ಪರಂಪರೆಯಿಂದ ಬಂದದ್ದು. ಗುಡ್ಡದ ಏಣುಗಳ ಮೇಲೆ ಅವರು ಅಗೆದ ಕಡಂಗಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಇಕ್ಕಟ್ಟಾದ ದಾರಿ, ಎರಡೂ ಬದಿಗೆ ದಟ್ಟವಾದ ಮರಗಳು, ಎದುರಿಗೆ ಮರದ ದಿಮ್ಮಿಗಳ ಗೋಡೆ, ಅದರ ಹಿಂದೆ ಗುರಿತಪ್ಪದ ಬೇಟೆಗಾರರ ಕೋವಿಗಳು. ಆ ರಕ್ಷಣೆಯ ನಾಯಕ ಮಾದಂಡ ಅಪ್ಪಚ್ಚು. ವಾಘನ ಕೈಕೆಳಗೆ 55ನೆಯ ಇಂಗ್ಲಿಷ್ ಪದಾತಿ ರೆಜಿಮೆಂಟೂ ಮದರಾಸು ಸೈನ್ಯದ ದೇಶೀ ಸಿಪಾಯಿಗಳೂ ಇದ್ದರು. ಗೋಡೆಯನ್ನು ಮುರಿಯಲು ಮಾಡಿದ ಯತ್ನಗಳಾವುವೂ ಫಲಿಸಲಿಲ್ಲ. 55ನೆಯ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಮಿಲ್ ಗುಂಡೇಟಿಗೆ ಬಲಿಯಾದನು. ಕೆಲವು ಗಂಟೆಗಳ ಕಾಲ ಸೈನಿಕರು ಕಾಣದ ಶತ್ರುವಿನ ಗುಂಡುಗಳ ಮುಂದೆ ನಿಂತೇ ಇದ್ದರು. ಕೊನೆಗೆ 48 ಮಂದಿ ಸತ್ತು, 118 ಮಂದಿ ಗಾಯಗೊಂಡ ಮೇಲೆ ವಾಘನು ದಂಡನ್ನು ಹಿಂದೆಗೆದನು.

ಅತ್ತ ಜಾಕ್ಸನನ ಪಾಡೂ ಬೇರೆಯಾಗಿರಲಿಲ್ಲ. ತಡೆಗೋಡೆಯನ್ನು ನೋಡಿಬರಲು ಅವನು ಕಳುಹಿಸಿದ ತುಕಡಿಯು ತೀವ್ರ ನಷ್ಟಕ್ಕೆ ಒಳಗಾಗಲು, ಅವನೂ ಕರಾವಳಿಗೆ ಇಳಿದುಹೋದನು. ಇಷ್ಟಾಗಿಯೂ ಏಪ್ರಿಲ್ 6ರಂದು ಲಿಂಡ್ಸೆಯ ದಂಡು ಮಡಿಕೇರಿಯ ಕೋಟೆಯನ್ನು ಸೇರಿ ಕಂಪನಿಯ ಧ್ವಜವನ್ನು ಏರಿಸಿತು. ಇಲ್ಲಿಯೇ ಇರುವುದು ವಾಘನ ದುರದೃಷ್ಟದ ಮರ್ಮ. ನಾಲ್ಕೂ ದಂಡುಗಳು ಸೋತಿದ್ದರೆ ಯೋಜನೆಯನ್ನು ದೂರುತ್ತಿದ್ದರು. ಒಂದು ಗೆದ್ದುದರಿಂದ ಸೋತವನನ್ನು ದೂರಿದರು. ಅದೇ ವಾರದಲ್ಲಿ, ಅದೇ ನಾಡಿನಲ್ಲಿ ಒಬ್ಬನು ಅರಮನೆಯನ್ನು ಹಿಡಿದಿರಲು, ಮರದ ಗೋಡೆಯೊಂದನ್ನು ಇನ್ನೊಬ್ಬನು ಹಿಡಿಯಲಾರದೆ ಹೋದನಲ್ಲ ಎಂಬ ಹೋಲಿಕೆ ಕಿವಿಗೆ ತರ್ಕಬದ್ಧವಾಗಿ ಕೇಳುತ್ತದೆ. ಆದರೆ ಲಿಂಡ್ಸೆಯ ದಾರಿಗೆ ಶಾಂತಿಯ ಬಿಳಿಯ ಬಾವುಟ ಬಂದಿತ್ತು. ದಿವಾನ ಅಪ್ಪಾರಂಡ ಬೋಪು ತಾನೇ ಬಂದು ಕಂಪನಿಯ ಸೈನ್ಯಕ್ಕೆ ಮಡಿಕೇರಿಯ ದಾರಿ ತೋರಿದನು. ವಾಘನ ದಾರಿಗೆ ಬಂದವನು ಅಪ್ಪಚ್ಚು. ಈ ವ್ಯತ್ಯಾಸವನ್ನು ಮರೆತು ಇಬ್ಬರು ನಾಯಕರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಉಚಿತವಲ್ಲ.

ವಾಘನು ನಿರ್ದೋಷಿಯೆಂದು ನಾನು ಹೇಳುತ್ತಿಲ್ಲ. ನನ್ನ ಅಭಿಪ್ರಾಯದಲ್ಲಿ ಅವನ ತಪ್ಪು ಸಂಜೆಯದಲ್ಲ, ಬೆಳಗಿನದು. ಗೋಡೆಯ ಬಲವನ್ನೂ ಕಾಡಿನ ಒಳದಾರಿಗಳನ್ನೂ ಚೆನ್ನಾಗಿ ಅರಿತುಕೊಳ್ಳದೆ ಜನರನ್ನು ಮುಂದೊತ್ತಿದ್ದು, ಆಗದೆಂದು ತಿಳಿದ ಮೇಲೂ ಗಂಟೆಗಟ್ಟಲೆ ನಿಲ್ಲಿಸಿದ್ದು ದೋಷ. ಹಿಂದೆಗೆದದ್ದಾದರೋ ಆ ದಿನ ಅವನು ಮಾಡಿದ ಏಕೈಕ ವಿವೇಕದ ಕಾರ್ಯ. ಲೋಕವು ನಿಂದಿಸಿದ್ದು ಅದನ್ನೇ.

ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಹುಡುಗನೊಬ್ಬನು, “ಗುರುಗಳೇ, ಹಿಂದೆ ಸರಿದವರೆಲ್ಲ ಹೇಡಿಗಳೇ?” ಎಂದು ಕೇಳಿದ್ದನು. ನಾನು ಉತ್ತರವಾಗಿ ನಮ್ಮ ನೆರೆಯ ಕಲ್ಯಾಣವನ್ನು ತೋರಿಸಿದೆನು. ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ಚನ್ನಬಸವಣ್ಣನವರ ಮುಂದಾಳುತನದಲ್ಲಿ ವಚನಗಳ ಕಟ್ಟುಗಳನ್ನು ಹೊತ್ತು, ಬೆನ್ನಟ್ಟಿ ಬಂದ ದಂಡನ್ನು ತಡೆಯುತ್ತ ಉಳವಿಯ ಕಡೆಗೆ ನಡೆದರೆಂದು ಪರಂಪರೆ ಹೇಳುತ್ತದೆ. ಮಡಿವಾಳ ಮಾಚಿದೇವರು ಬೆನ್ನುಗಾವಲಾಗಿ ನಿಂತದ್ದನ್ನು ಭಕ್ತರು ಇಂದಿಗೂ ಹಾಡಿ ಹೊಗಳುತ್ತಾರೆ. ಆ ನಡಿಗೆಯನ್ನು ಪಲಾಯನವೆಂದವರು ನಮ್ಮಲ್ಲಿ ಯಾರೂ ಇಲ್ಲ. ಶರಣರಿಗೂ ಕಂಪನಿಯ ಕರ್ನಲನಿಗೂ ಸಾಟಿಯಿಲ್ಲವೆಂಬುದನ್ನು ಬಲ್ಲೆ. ಆದರೂ ಹಿಂದೆ ಸರಿದವನು ಏನನ್ನು ಉಳಿಸಿದನೆಂದು ಕೇಳದೆ ತೀರ್ಪು ಕೊಡಬಾರದೆಂಬ ನ್ಯಾಯ ಇಬ್ಬರಿಗೂ ಒಂದೇ.

ಹಾಗೆ ಕೇಳಹೊರಟರೆ ಅದೇ ಏಪ್ರಿಲಿನಲ್ಲಿ ನಡೆದ ಇನ್ನೊಂದು ಹಿಂದೆಗೆತವನ್ನು ಕಾಣದಿರಲಾಗದು. ಚಿಕ್ಕವೀರರಾಜೇಂದ್ರನು ಮಡಿಕೇರಿಯನ್ನು ಬಿಟ್ಟು ನಾಲ್ಕುನಾಡಿನ ಅರಮನೆಯನ್ನು ಸೇರಿದನು; ಏಪ್ರಿಲ್ 10ರಂದು ಶರಣಾಗತನಾದನು. ಬಕ್ ಊರಿನಲ್ಲಿ ಅಪ್ಪಚ್ಚು ಗೆದ್ದುಕೊಟ್ಟ ಗೆಲವನ್ನು ಬಳಸಿಕೊಳ್ಳಲು ಮಡಿಕೇರಿಯಲ್ಲಿ ಅರಸನೇ ಇರಲಿಲ್ಲ. ವಾಘನು ತನ್ನ ಜನರನ್ನು ಉಳಿಸಿಕೊಂಡನು. ದೊರೆ ಏನನ್ನು ಉಳಿಸಿಕೊಂಡನು? ಮೇ 7ರಂದು ಕೊಡಗು ಕಂಪನಿಯ ಆಳ್ವಿಕೆಗೆ ಸೇರಿತು. ದೊರೆ ವೆಲ್ಲೂರು, ಕಾಶಿಗಳನ್ನು ಹಾದು 1852ರಲ್ಲಿ ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋದನು. ಆಕೆ ಅಲ್ಲಿ ಕ್ರೈಸ್ತಮತಕ್ಕೆ ಸೇರಿದಳು. ಆತನು 1859ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನ ಕ್ರೌರ್ಯದ ಕಥೆಗಳಲ್ಲಿ ಬಹುಪಾಲು ಗೆದ್ದವರ ಕಡೆಯ ಬರವಣಿಗೆಯಿಂದ ಬಂದವೆಂಬುದನ್ನು ನೆನೆದು ಓದುವುದು ಒಳಿತು. 1855ರಲ್ಲಿ ಕೊಡಗಿನ ಚರಿತ್ರೆಯನ್ನು ಬರೆದ ಮೋಗ್ಲಿಂಗನು ಬಸವಪುರಾಣವನ್ನು ಅಚ್ಚು ಹಾಕಿಸಿ ನಮ್ಮ ಕೃತಜ್ಞತೆಗೆ ಪಾತ್ರನಾದವನೇ ಆದರೂ, ಹಾಲೇರಿಯ ವಿಷಯದಲ್ಲಿ ಅವನ ಮಾತನ್ನು ಸೋಸಿಯೇ ಸ್ವೀಕರಿಸಬೇಕು.

ವಾಘನ ಬಾಳು ಬಕ್ ಊರಿನ ಕಾಡಿನಲ್ಲಿ ಮುಗಿಯಲಿಲ್ಲ. ಅವನು ಜನರಲ್ ಪದವಿಯವರೆಗೂ ಏರಿದನು. ಮದರಾಸು ಸೈನ್ಯದ ಲೆಕ್ಕಪತ್ರಗಳ ಮುಖ್ಯ ಪರಿಶೋಧಕನ ಹುದ್ದೆಯನ್ನೂ ನಿರ್ವಹಿಸಿದವನು ಅವನು. ಕಾಡಿನ ಕಾಳಗಕ್ಕಿಂತ ಕಾಗದದ ಕೆಲಸ ಅವನ ಸ್ವಭಾವಕ್ಕೆ ಹೊಂದುತ್ತಿತ್ತೋ ಏನೋ. 1810ರಲ್ಲಿ ಹುಟ್ಟಿದ ಅವನ ಹಿರಿಯ ಮಗ ಆಂಡ್ರೂ ವಾಘನು ಭೂಮಾಪನ ಇಲಾಖೆಯನ್ನು ಸೇರಿದನು. ತಂದೆ ಕಡಂಗದಿಂದ ಹಿಂದೆಗೆದ ಏಳು ವರ್ಷಗಳ ಮೇಲೆ, 1841ರಲ್ಲಿ, ಈ ಮಗನು ಬಂದದ್ದು ನಮ್ಮ ಬೀದರಿನ ಸೀಮೆಗೆ. ಭಾರತದ ಮಹಾ ತ್ರಿಕೋನ ಮಾಪನಕ್ಕೆ ಬೇಕಾದ ಆಧಾರರೇಖೆಯನ್ನು ಅವನು ಇಲ್ಲಿಯ ಬಯಲಿನಲ್ಲಿ, ಲೋಹದ ಅಳತೆಗೋಲುಗಳನ್ನು ಒಂದರ ಮುಂದೊಂದು ಜೋಡಿಸುತ್ತ ಅಳೆದನು. 1843ರಲ್ಲಿ ಭಾರತದ ಸರ್ವೇಯರ್ ಜನರಲ್ ಆಗಿ, 1856ರಲ್ಲಿ ಜಗತ್ತಿನ ಅತ್ಯುನ್ನತ ಶಿಖರಕ್ಕೆ ತನ್ನ ಹಿಂದಿನ ಅಧಿಕಾರಿ ಎವರೆಸ್ಟನ ಹೆಸರನ್ನು ಸೂಚಿಸಿದವನು ಇವನೇ. ಭಾತಂಬ್ರಾದ ಕೋಟೆಯ ಬಳಿ ನಿಂತು ಬೀದರಿನ ದಿಕ್ಕಿನ ಆ ಎತ್ತರದ ನೆಲವನ್ನು ನೋಡುವಾಗ, ಅಳತೆಗೋಲು ಹಿಡಿದ ಆ ಮೂವತ್ತೊಂದರ ತರುಣನು ನನಗೆ ಪದೇ ಪದೇ ನೆನಪಾಗುತ್ತಾನೆ.