ಏಳು ತಂತಿಯ ಪಿಟೀಲು

ಸಂಜೆಯ ಹೊತ್ತು ಚಾಮರಾಜಪುರಂ ರೈಲುನಿಲ್ದಾಣದ ಕಡೆಯಿಂದ ಬಡಾವಣೆಯೊಳಕ್ಕೆ ನಡೆದು ಬಂದರೆ, ಯಾವುದಾದರೊಂದು ಮನೆಯಿಂದ ಪಿಟೀಲಿನ ಅಭ್ಯಾಸ ಕಿವಿಗೆ ಬಿದ್ದೀತು. ಅದು ಪಶ್ಚಿಮದಿಂದ ಬಂದ ವಾದ್ಯವೆಂಬುದು ಕೇಳುವವರಿಗೆ ನೆನಪಾಗುವುದೇ ಇಲ್ಲ. ಹಾಗೆ ಅದನ್ನು ನಮ್ಮದಾಗಿಸಿದ ವಿದ್ವಾಂಸರಲ್ಲಿ ಮೈಸೂರಿನ ಟಿ. ಚೌಡಯ್ಯನವರು ಪ್ರಮುಖರು.

1895ರಲ್ಲಿ ತಿರುಮಕೂಡಲಿನಲ್ಲಿ ಜನಿಸಿದ ಚೌಡಯ್ಯನವರು 1910ರಲ್ಲಿ ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿಗೆ ಸೇರಿದರು. ಕೃಷ್ಣಪ್ಪನವರು ಗಾಯಕರು, ಹಾಡಿ ಗಳಿಸಿದ್ದನ್ನು ಮೈಸೂರಿನಲ್ಲಿ ರಾಮಮಂದಿರ ಕಟ್ಟಲು ಮುಡಿಪಾಗಿಟ್ಟವರು. ಅಂಥ ಗುರುಗಳ ಬಳಿ ಚೌಡಯ್ಯನವರು ಕಲಿತರು.

ಆಗ ಧ್ವನಿವರ್ಧಕ ಬಳಕೆಗೆ ಬಂದಿರಲಿಲ್ಲ. ರಾಮೋತ್ಸವದ ಚಪ್ಪರದಲ್ಲಿ ನೂರಾರು ಜನ ಸೇರಿದರೆ, ಹಿಂದೆ ಕುಳಿತವರಿಗೆ ಗಾಯಕರ ಕಂಠವೇ ಕಷ್ಟದಿಂದ ಕೇಳಬೇಕು, ಪಕ್ಕವಾದ್ಯದ ಪಾಡೇನು? ಈ ಕೊರತೆ ನೀಗಲು ಅವರು ನಾಲ್ಕು ತಂತಿಗೆ ಇನ್ನೂ ಮೂರನ್ನು ಸೇರಿಸಿದರು. ಅದು 1927ರ ಮಾತು.

ಅದೇ ವರ್ಷ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಅಮೆರಿಕದ ಯಹೂದಿ ಮೆನುಹಿನ್ ಎಂಬ ಹನ್ನೊಂದು ವರ್ಷದ ಬಾಲಕ ಬೀಥೋವನನ ಕೃತಿಯನ್ನು ನುಡಿಸಿ ಲೋಕವಿಖ್ಯಾತನಾದ. ಅವನ ಕೈಯಲ್ಲಿದ್ದದ್ದೂ ಪಿಟೀಲೇ, ಆದರೆ ನಾಲ್ಕೇ ತಂತಿ. ನಾದಕ್ಕಾಗಿಯೇ ಕಟ್ಟಿದ ಸಭಾಂಗಣ ಅವನಿಗಿತ್ತು. ನಮ್ಮ ವಿದ್ವಾಂಸರಿಗೆ ಇದ್ದದ್ದು ತೆಂಗಿನ ಗರಿಯ ಚಪ್ಪರ. ಮುಂದೆ 1952ರಲ್ಲಿ ಮೆನುಹಿನ್ ಭಾರತಕ್ಕೆ ಬಂದು ನಮ್ಮ ಸಂಗೀತವನ್ನೂ ಮನಸಾರೆ ಮೆಚ್ಚಿದರು.

ಚೌಡಯ್ಯನವರು ಚೆಂಬೈ ವೈದ್ಯನಾಥ ಭಾಗವತರಂಥ ಗಂಭೀರ ಕಂಠದವರಿಗೆ ಸರಿಸಮನಾಗಿ ನುಡಿಸಿದರು, ಆಸ್ಥಾನ ವಿದ್ವಾಂಸರೆನಿಸಿದರು, 1957ರಲ್ಲಿ ಮದರಾಸಿನ ಸಂಗೀತ ಕಲಾನಿಧಿ ಬಿರುದನ್ನು ಪಡೆದರು. ಆದರೆ ಅಷ್ಟರೊಳಗೆ ಧ್ವನಿವರ್ಧಕ ಎಲ್ಲೆಡೆ ಬಂದಿತ್ತು. ಏಳು ತಂತಿಗಳಿಗೆ ಶ್ರುತಿ ಕೂಡಿಸುವುದೂ ಸುಲಭವಲ್ಲ. ಪಿಟೀಲುಗಾರರಲ್ಲಿ ಬಹುಮಂದಿ ನಾಲ್ಕು ತಂತಿಯಲ್ಲೇ ಉಳಿದರು.

ಹಾಗಾದರೆ ಅವರ ಶ್ರಮ ವ್ಯರ್ಥವಾಯಿತೇ? ಹಾಗೆನ್ನಲಾಗದು. ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಸಂಗೀತ ಸಲ್ಲಬೇಕೆಂಬ ಹಂಬಲ ಆ ಮೂರು ತಂತಿಗಳಲ್ಲಿತ್ತು. ರೇಡಿಯೋ ಮಾಡಿದ ಕೆಲಸವೂ ಅದೇ ಅಲ್ಲವೆ? ಅದು ಮನೆಮನೆಯ ಕೇಳುಗನನ್ನು ಮುಂದಿನ ಸಾಲಿಗೆ ತಂದು ಕೂರಿಸಿತು.

1967ರಲ್ಲಿ ಚೌಡಯ್ಯನವರು ತೀರಿಕೊಂಡರು. ಬೆಂಗಳೂರಿನಲ್ಲಿ 1980ರಿಂದ ಅವರ ಹೆಸರಿನ ಸಭಾಭವನ ಪಿಟೀಲಿನ ಆಕಾರದಲ್ಲೇ ನಿಂತಿದೆ. ಆದರೂ ನಿಜವಾದ ಸ್ಮಾರಕ ಅವರ ಧ್ವನಿಮುದ್ರಣಗಳೇ. ಮುಂದೊಮ್ಮೆ ಅವು ಕೇಳಿಬಂದಾಗ ಓದುಗರು ಕೈಕೆಲಸ ಬಿಟ್ಟು ಒಂದು ಗಳಿಗೆ ಕುಳಿತು ಆಲಿಸಲಿ. ಕಮಾನಿನ ಆ ತುಂಬುನಾದ ಚಪ್ಪರದ ಕಡೆಯ ಕಂಬದವರೆಗೂ ಹೇಗೆ ಮುಟ್ಟುತ್ತಿತ್ತೆಂಬುದು ತಾನಾಗಿ ತಿಳಿದೀತು.