ಗಂಟಲ ಗಂಟಿನ ಜ್ವರ
ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಗುವಿಗೆ ಜ್ವರ ಬಂದು ಕೊರಳಲ್ಲಿ ಗಂಟು ಕಂಡರೆ ನಾವು ಮೊದಲು ಕೇಳುವುದು ಇಂಜೆಕ್ಷನ್. ಜರ್ಮನಿಯ ಎಮಿಲ್ ಫೈಫರ್ 1889ರಲ್ಲಿ ಇದನ್ನು ‘ಗ್ರಂಥಿ ಜ್ವರ’ ಎಂದರು. 1920ರಲ್ಲಿ ಅಮೆರಿಕದ ವೈದ್ಯರು ‘ಮಾನೊನ್ಯೂಕ್ಲಿಯೋಸಿಸ್’ ಎಂದು ಹೆಸರಿಟ್ಟರು. ಕಾರಣ ಮಾತ್ರ ತಿಳಿದಿರಲಿಲ್ಲ. 1964ರಲ್ಲಿ ಎಪ್‌ಸ್ಟೈನ್-ಬಾರ್ ವೈರಸ್ ಪತ್ತೆಯಾಯಿತು. ಹೆನ್ಲೆ ದಂಪತಿಯ ಪ್ರಯೋಗಾಲಯದ ಸಹಾಯಕಿಗೇ ಈ ಜ್ವರ ಬಂದಾಗ ಆಕೆಯ ರಕ್ತವೇ ಸುಳಿವು ಕೊಟ್ಟಿತು. 1968ರಲ್ಲಿ ಆ ವೈರಸ್ಸೇ ಮೂಲವೆಂದು ಅವರು ತೋರಿಸಿದರು.

ಎಂಜಲಿನಿಂದ ಹರಡುವ ಈ ಸೋಂಕು ಎಳೆಯ ಮಕ್ಕಳಲ್ಲಿ ಹೆಚ್ಚಾಗಿ ಗುರುತಿಲ್ಲದೆ ಹೋಗುತ್ತದೆ. ವೈರಸ್‌ಗೆ ಆಂಟಿಬಯಾಟಿಕ್ ನಾಟುವುದಿಲ್ಲ. ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ದದ್ದು ಏಳಬಹುದು. ವೈದ್ಯರಿಗೆ ತೋರಿಸಿ, ವಿಶ್ರಾಂತಿ, ನೀರು ಕೊಟ್ಟು ಕಾಯಬೇಕು. ಗುಲ್ಮ ಊದಿರಬಹುದಾದ್ದರಿಂದ ಕೆಲವು ವಾರ ಕುಸ್ತಿ, ಕಬಡ್ಡಿ ಬೇಡ. ಹೊಟ್ಟೆಯ ಎಡಬದಿಗೆ ತೀವ್ರ ನೋವು ಬಂದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮಿಕ್ಕಂತೆ, ಸೂಜಿಗಿಂತ ನಮ್ಮ ತಾಳ್ಮೆಯೇ ಇಲ್ಲಿ ಮದ್ದು.