ನಾನು ಮ್ಯೂಟ್ ಮಾಡಿಸಿದ ಹಾಡು

ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

2024ರ ಡಿಸೆಂಬರ್ 14, ಶನಿವಾರ. ನಮ್ಮಲ್ಲಿ ಮಧ್ಯಾಹ್ನದ ಬುಲೆಟಿನ್ ನಡೀತಿತ್ತು. ದಕ್ಷಿಣ ಕೊರಿಯಾದ ಸಂಸತ್ತು ತನ್ನದೇ ದೇಶದ ಅಧ್ಯಕ್ಷ ಯೂನ್ ಸುಕ್ ಯೋಲ್ ವಿರುದ್ಧ ವಾಗ್ದಂಡನೆ ಅಂಗೀಕರಿಸಿದೆ ಅಂತ ಬ್ರೇಕಿಂಗ್ ಬಂತು. ಹಿಂದೆಯೇ ಸೋಲ್ ನಗರದ ದೃಶ್ಯಗಳು. ಸಂಸತ್ತಿನ ಮುಂದೆ ಜನಸಾಗರ. ಕೊರೆಯುವ ಚಳಿ. ಇಪ್ಪತ್ತು ಇಪ್ಪತ್ತೈದರ ಹೆಣ್ಣುಮಕ್ಕಳು ಕೈಯಲ್ಲಿ ಬಣ್ಣಬಣ್ಣದ ದೀಪದ ಕೋಲು ಹಿಡ್ಕೊಂಡು ಕುಣೀತಿದ್ದಾರೆ, ಅಳ್ತಿದ್ದಾರೆ, ಹಾಡ್ತಿದ್ದಾರೆ. ನಾನು ಪಿಸಿಆರ್‌ಗೆ ಹೇಳಿದೆ: "ಆಡಿಯೋ ತೆಗೀರಿ, ಯಾವುದೋ ಪಾಪ್ ಹಾಡು. ವಿಷುವಲ್ ಓಡಲಿ, ಮೇಲೆ ನಾನು ಮಾತಾಡ್ತೀನಿ." ತೆಗೆದರು. ನಾನು ಮಾತಾಡಿದೆ. ಎಷ್ಟು ಮತ, ಯಾವ ಪಕ್ಷ, ಮುಂದೇನು, ಎಲ್ಲ ಹೇಳಿದೆ.

ಬುಲೆಟಿನ್ ಮುಗಿಸಿ ಹೊರಗೆ ಬಂದಾಗ ಡೆಸ್ಕಿನ ಹುಡುಗಿಯೊಬ್ಬಳು ಮುಖ ಸಣ್ಣಗೆ ಮಾಡ್ಕೊಂಡು ನಿಂತಿದ್ದಳು. "ಸಾರ್, ಆ ಹಾಡೇ ಸುದ್ದಿ ಸಾರ್. ಅದನ್ನೇ ಮ್ಯೂಟ್ ಮಾಡಿಸಿಬಿಟ್ರಲ್ಲ" ಅಂದಳು.

ನನಗೆ ಅರ್ಥ ಆಗಲಿಲ್ಲ. ಅರ್ಥ ಮಾಡಿಕೊಳ್ಳೋಕೆ ಹೊರಟಾಗ ಸಿಕ್ಕಿದ್ದು ಹದಿನೇಳು ವರ್ಷಗಳ ಒಂದು ಇತಿಹಾಸ. ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದ್ದೀನಿ.

ಆ ಹಾಡಿನ ಹೆಸರು ಇಂಗ್ಲಿಷಿನಲ್ಲಿ 'ಇನ್‌ಟು ದ ನ್ಯೂ ವರ್ಲ್ಡ್'. ಕೊರಿಯನ್ ಹೆಸರಿನ ಅರ್ಥ ಇನ್ನೂ ಚೆನ್ನಾಗಿದೆ: ಮತ್ತೆ ಭೇಟಿಯಾದ ಲೋಕ. ಹಾಡಿದವರು ಗರ್ಲ್ಸ್ ಜನರೇಷನ್ ಅನ್ನೋ ಒಂಬತ್ತು ಹುಡುಗಿಯರ ಗುಂಪು. ಟೇಯೋನ್, ಜೆಸಿಕಾ, ಸನ್ನಿ, ಟಿಫನಿ, ಹ್ಯೊಯೋನ್, ಯೂರಿ, ಸೂಯಂಗ್, ಯೂನಾ, ಸೊಹ್ಯೋನ್. 2007ರ ಆಗಸ್ಟ್ 2ರಂದು ಹಾಡು ಬಿಡುಗಡೆಯಾಯಿತು. ಮೂರು ದಿನ ಬಿಟ್ಟು, ಆಗಸ್ಟ್ 5ರಂದು, ಎಸ್‌ಬಿಎಸ್ ವಾಹಿನಿಯ ವೇದಿಕೆಯಲ್ಲಿ ಅವರು ಅಧಿಕೃತವಾಗಿ ಪಾದಾರ್ಪಣೆ ಮಾಡಿದರು. ಎಲ್ಲರೂ ಹದಿನಾರು ಹದಿನೆಂಟರ ಆಸುಪಾಸಿನವರು.

ಇವರು ಬೀದಿಯಲ್ಲಿ ಗಿಟಾರ್ ಹಿಡಿದು ಹಾಡುತ್ತಾ ಬೆಳೆದವರಲ್ಲ. ಎಸ್‌ಎಂ ಎಂಟರ್‌ಟೇನ್‌ಮೆಂಟ್ ಅನ್ನೋ ಕಂಪನಿ ಇವರನ್ನು ತಯಾರು ಮಾಡಿತು. ತಯಾರು ಅನ್ನೋ ಪದವನ್ನು ಬೇಕಂತಲೇ ಬಳಸ್ತಿದ್ದೀನಿ. ಕೊರಿಯಾದ ಪಾಪ್ ಉದ್ಯಮದಲ್ಲಿ ಮಕ್ಕಳನ್ನು ಸಣ್ಣ ವಯಸ್ಸಿಗೇ ಆರಿಸಿಕೊಳ್ತಾರೆ. ಬೆಳಿಗ್ಗೆ ಶಾಲೆ, ಸಂಜೆಯಿಂದ ಹಾಡು, ಕುಣಿತ, ವಿದೇಶಿ ಭಾಷೆ. ವರ್ಷಗಟ್ಟಲೆ. ವೇದಿಕೆ ಸಿಗುತ್ತೆ ಅನ್ನೋ ಖಾತರಿ ಯಾರಿಗೂ ಇಲ್ಲ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಜೆಸಿಕಾ 2000ರಲ್ಲೇ ಕಂಪನಿ ಸೇರಿದವಳು. ವೇದಿಕೆ ಏರಿದ್ದು ಏಳು ವರ್ಷ ಕಳೆದ ಮೇಲೆ. ಹಾಡಿನ ಕಥೆಯೂ ಅಂಥದ್ದೇ. ಕೆಂಜಿ ಎಂಬ ಸಂಗೀತಗಾರ್ತಿ ಕಟ್ಟಿದ ಈ ರಾಗ ಮೊದಲಿಗೆ ಅದೇ ಕಂಪನಿಯ ಮಿಲ್ಕ್ ಅನ್ನೋ ಇನ್ನೊಂದು ಹುಡುಗಿಯರ ಗುಂಪಿಗಾಗಿ ಇತ್ತು. ಆ ಗುಂಪೇ ಮುಚ್ಚಿಹೋಯಿತು, ಹಾಡು ಕಪಾಟು ಸೇರಿತು. ಇವರಿಗೆ ಬಂದದ್ದು ಆಮೇಲೆ.

ಹಾಡಿನಲ್ಲಿ ಸರ್ಕಾರ ಇಲ್ಲ, ಪೊಲೀಸ್ ಇಲ್ಲ, ಕ್ರಾಂತಿ ಇಲ್ಲ. ಪ್ರೀತಿ, ಭರವಸೆ, ಗೊತ್ತಿಲ್ಲದ ದಾರಿ, ಜೊತೆಗೆ ನಡೆಯುವವರು. ಅಷ್ಟೇ. ಹಾಡು ಹೆಸರು ಮಾಡಿತು, ನಿಜ. ಆದರೆ ದೇಶ ಅಲ್ಲಾಡುವಂಥದ್ದೇನೂ ಆಗಲಿಲ್ಲ. ಆ ವರ್ಷ ಕೊರಿಯಾವನ್ನು ಕುಣಿಸಿದ್ದು ವಂಡರ್ ಗರ್ಲ್ಸ್ ಎಂಬ ಮತ್ತೊಂದು ಗುಂಪಿನ 'ಟೆಲ್ ಮಿ'.

ಈಗ 2008ರ ಜೂನ್ 7ಕ್ಕೆ ಬನ್ನಿ. ಸೋಲ್‌ನಲ್ಲಿ ಡ್ರೀಮ್ ಕಾನ್ಸರ್ಟ್ ಅನ್ನೋ ದೊಡ್ಡ ಕಾರ್ಯಕ್ರಮ. ಅಲ್ಲಿ ಒಂದು ಪದ್ಧತಿ ಇದೆ. ಅಭಿಮಾನಿಗಳು ತಮ್ಮ ತಮ್ಮ ಗುಂಪಿನ ಬಣ್ಣದ ದೀಪದ ಕೋಲು ತರ್ತಾರೆ. ತಮ್ಮವರು ವೇದಿಕೆಗೆ ಬಂದಾಗ ಕ್ರೀಡಾಂಗಣವೆಲ್ಲಾ ಆ ಬಣ್ಣದ ಕಡಲಾಗುತ್ತೆ. ಗರ್ಲ್ಸ್ ಜನರೇಷನ್ ಬಂದಾಗ ಏನಾಯ್ತು ಗೊತ್ತಾ? ಬೇರೆ ಗುಂಪುಗಳ ಅಭಿಮಾನಿಗಳು, ಅದರಲ್ಲೂ ಹುಡುಗರ ಗುಂಪುಗಳನ್ನು ಆರಾಧಿಸುವ ಹುಡುಗಿಯರು, ಮಾತಾಡಿಕೊಂಡವರ ಹಾಗೆ ದೀಪ ಆರಿಸಿದರು. ಕೂಗಿಲ್ಲ, ಚಪ್ಪಾಳೆಯಿಲ್ಲ. ಒಂಬತ್ತು ಹುಡುಗಿಯರು ಸುಮಾರು ಹತ್ತು ನಿಮಿಷ ಆ ಕತ್ತಲೆಯ ಮುಂದೆ ನಗುನಗುತ್ತಾ ಹಾಡಿ, ಕುಣಿದು, ಒಳಗೆ ಹೋದರು. ಕೊರಿಯಾದ ಪಾಪ್ ಚರಿತ್ರೆಯಲ್ಲಿ ಅದಕ್ಕೆ 'ಬ್ಲ್ಯಾಕ್ ಓಷನ್' ಅಂತ ಹೆಸರೇ ಬಿತ್ತು. ಕಪ್ಪು ಕಡಲು. ಈ ಕತ್ತಲೆಯನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಏಳೇ ತಿಂಗಳು. 2009ರ ಜನವರಿಯಲ್ಲಿ 'ಜೀ' ಬಂತು. ಕೆಬಿಎಸ್‌ನ ಮ್ಯೂಸಿಕ್ ಬ್ಯಾಂಕ್ ಕಾರ್ಯಕ್ರಮದಲ್ಲಿ ಸತತ ಒಂಬತ್ತು ವಾರ ಮೊದಲ ಸ್ಥಾನ. ಬಣ್ಣದ ಬಿಗಿ ಪ್ಯಾಂಟು ಕೊರಿಯಾದ ಬೀದಿಗಳಿಗೆಲ್ಲ ಇಳಿಯಿತು. ಅದೇ ವರ್ಷ 'ಜೀನಿ', 2010ರಲ್ಲಿ 'ಓಹ್!', 'ರನ್ ಡೆವಿಲ್ ರನ್', 'ಹೂಟ್'. ಅದೇ ಸೆಪ್ಟೆಂಬರಿನಲ್ಲಿ ಜಪಾನ್ ಪ್ರವೇಶ. 2011ರ ಜೂನ್‌ನಲ್ಲಿ ಬಂದ ಮೊದಲ ಜಪಾನೀ ಆಲ್ಬಂ ಹತ್ತು ಲಕ್ಷದ ಗಡಿ ದಾಟಿತು. ಕೊರಿಯಾವನ್ನು 35 ವರ್ಷ ಆಳಿದ ದೇಶ ಜಪಾನ್; ಆ ಗಾಯ ಇವತ್ತಿಗೂ ಮಾಗಿಲ್ಲ. ಅಂಥಾ ದೇಶದ ಮಕ್ಕಳು ಕೊರಿಯಾದ ಹುಡುಗಿಯರ ಹೆಜ್ಜೆ ಕಲೀತಿದ್ದರು. 2011ರ ಅಕ್ಟೋಬರ್‌ನಲ್ಲಿ 'ದ ಬಾಯ್ಸ್', ಮೈಕಲ್ ಜಾಕ್ಸನ್ ಜೊತೆ ಕೆಲಸ ಮಾಡಿದ್ದ ಟೆಡ್ಡಿ ರೈಲಿಯ ಕೈ ಅದರಲ್ಲಿತ್ತು. 2012ರ ಜನವರಿ 31ರಂದು ಅಮೆರಿಕದ ಡೇವಿಡ್ ಲೆಟರ್‌ಮನ್ ಕಾರ್ಯಕ್ರಮದಲ್ಲಿ ಹಾಡಿದರು. 2013ರ ಮೊದಲ ದಿನ 'ಐ ಗಾಟ್ ಎ ಬಾಯ್'. ಆ ವರ್ಷದ ನವೆಂಬರ್‌ನಲ್ಲಿ ಯೂಟ್ಯೂಬ್ ಮೊದಲ ಬಾರಿಗೆ ಸಂಗೀತ ಪ್ರಶಸ್ತಿ ಕೊಟ್ಟಾಗ ವರ್ಷದ ವಿಡಿಯೋ ಅದೇ. ಜಸ್ಟಿನ್ ಬೀಬರ್, ಲೇಡಿ ಗಾಗಾ ಎಲ್ಲ ಪಟ್ಟಿಯಲ್ಲಿದ್ದರು. ಗೆದ್ದಿದ್ದು ಇವರು. ಬಿಟಿಎಸ್, ಬ್ಲ್ಯಾಕ್‌ಪಿಂಕ್ ಅಂತ ನಮ್ಮ ಮಕ್ಕಳು ಗೋಡೆಗೆ ಚಿತ್ರ ಅಂಟಿಸುವ ಮುಂಚಿನ ಮಾತಿದು.

ಮೇಲೇರಿದ ಮೇಲೆ ಇಳಿಜಾರು ಇದ್ದದ್ದೇ. 2014ರ ಸೆಪ್ಟೆಂಬರ್ 30ರಂದು ಜೆಸಿಕಾ ಹೊರಬಿದ್ದಳು. ನನ್ನನ್ನು ತೆಗೆದರು ಅಂದಳು ಅವಳು, ಬಿಡ್ತೀನಿ ಅಂತ ಮೊದಲೇ ಹೇಳಿದ್ದಳು ಅಂದಿತು ಕಂಪನಿ. ಉಳಿದ ಎಂಟು ಜನ 2015ರಲ್ಲಿ 'ಲಯನ್ ಹಾರ್ಟ್' ಕೊಟ್ಟರು. 2017ರಲ್ಲಿ ಹತ್ತನೇ ವರ್ಷದ ಆಲ್ಬಂ ಬಂತು, ಅದಾದ ಎರಡೇ ತಿಂಗಳಿಗೆ ಟಿಫನಿ, ಸೂಯಂಗ್, ಸೊಹ್ಯೋನ್ ಕಂಪನಿ ಬಿಟ್ಟರು. ಗುಂಪು ಒಡೆದಿಲ್ಲ ಅಂದರೂ ಐದು ವರ್ಷ ಹಾಡಲಿಲ್ಲ. ಲೆಕ್ಕದ ಪ್ರಕಾರ ಕಥೆ ಇಲ್ಲಿಗೆ ಮುಗೀಬೇಕು. ಪಾಪ್ ಗುಂಪುಗಳ ಕಥೆ ಹೀಗೇ ಮುಗಿಯೋದು.

ಆದರೆ ಹಾಡಿನ ಕಥೆ ಬೇರೆ ದಾರಿ ಹಿಡಿದಿತ್ತು.

ಕೊರಿಯಾದ ಬೀದಿ ಹೋರಾಟಕ್ಕೆ ತನ್ನದೇ ಹಾಡುಗಳಿವೆ. 1971ರಲ್ಲಿ ಯಾಂಗ್ ಹೀ ಉನ್ ಹಾಡಿದ, ಕಿಮ್ ಮಿನ್ ಗಿ ಬರೆದ 'ಬೆಳಗಿನ ಇಬ್ಬನಿ'ಯನ್ನು ಸರ್ವಾಧಿಕಾರಿ ಪಾರ್ಕ್ ಚುಂಗ್ ಹೀ ಸರ್ಕಾರ 1975ರಲ್ಲಿ ನಿಷೇಧಿಸಿತು. ನಿಷೇಧ ಮಾಡಿದ ಮೇಲೆ ಕೇಳಬೇಕೆ? ವಿದ್ಯಾರ್ಥಿಗಳ ಮೆರವಣಿಗೆಯ ಹಾಡೇ ಅದಾಯಿತು. 1980ರ ಗ್ವಾಂಗ್ಜು ಹತ್ಯಾಕಾಂಡದ ನಂತರ ಮಡಿದವರ ನೆನಪಿಗೆ ಮತ್ತಷ್ಟು ಹಾಡು ಹುಟ್ಟಿದವು. ನಮ್ಮಲ್ಲಿ ಸಿದ್ದಲಿಂಗಯ್ಯನವರ ಹಾಡುಗಳು ದಲಿತ ಚಳವಳಿಯ ಮೆರವಣಿಗೆಗಳಲ್ಲಿ ಮೊಳಗಿದವಲ್ಲ, ಹಾಗೆ. ನನ್ನ ತಲೆಯಲ್ಲಿ ಹೋರಾಟದ ಹಾಡು ಅಂದರೆ ಅದೇ. ತಮಟೆ ಇರಬೇಕು, ಸಿಟ್ಟಿರಬೇಕು. ಮಿನುಗುವ ಬಟ್ಟೆಯ ಹುಡುಗಿಯರ ಹಾಡು ಅಲ್ಲಿಗೆ ಹೇಗೆ ಬರುತ್ತೆ? ನಾನು ಆಡಿಯೋ ತೆಗೆಸಿದ್ದು ಈ ಪೂರ್ವಗ್ರಹದಿಂದಲೇ.

2016ರ ಜುಲೈ 28. ಸೋಲ್‌ನ ಈವಾ ಮಹಿಳಾ ವಿಶ್ವವಿದ್ಯಾಲಯ, 1886ರಲ್ಲಿ ಹುಟ್ಟಿದ ಸಂಸ್ಥೆ. ಕೆಲಸದಲ್ಲಿರುವವರಿಗೆಂದು ಹೊಸ ಪದವಿ ಕಾಲೇಜು ತೆರೆಯುವ ಯೋಜನೆಯನ್ನು ಆಡಳಿತ ಮಂಡಳಿ ನಮ್ಮನ್ನು ಕೇಳದೆ ಹೇರಿದೆ, ಇದು ಪದವಿ ಮಾರುವ ಕೆಲಸ ಅಂತ ವಿದ್ಯಾರ್ಥಿನಿಯರು ಮುಖ್ಯ ಕಟ್ಟಡದಲ್ಲಿ ಧರಣಿ ಕೂತರು. ನಾಯಕಿ ಇಲ್ಲ, ಪಕ್ಷ ಇಲ್ಲ. ಮುಖಕ್ಕೆ ಮಾಸ್ಕ್. ಜುಲೈ 30ರಂದು ಸುಮಾರು 1,600 ಪೊಲೀಸರು ಕ್ಯಾಂಪಸ್ಸಿನೊಳಗೆ ನುಗ್ಗಿದರು. ಹುಡುಗಿಯರು ನೆಲದ ಮೇಲೆ ಕೂತು ತೋಳಿಗೆ ತೋಳು ಹೆಣೆದರು. ಏನು ಹಾಡೋದು? ಹಳೆಯ ಚಳವಳಿ ಹಾಡುಗಳನ್ನು ಹಾಡಿದರೆ ರಾಜಕೀಯ ಪಕ್ಷದ ಹಣೆಪಟ್ಟಿ ಬೀಳುತ್ತೆ. ಎಲ್ಲರಿಗೂ ಬಾಯಿಪಾಠ ಇರುವ ಹಾಡು ಬೇಕು. ಹಾಡಿದರು, 'ಇನ್‌ಟು ದ ನ್ಯೂ ವರ್ಲ್ಡ್'.

ಲೆಕ್ಕ ಹಾಕಿ ನೋಡಿ. 2016ರಲ್ಲಿ ಇಪ್ಪತ್ತರ ಹುಡುಗಿ 2007ರಲ್ಲಿ ಹನ್ನೊಂದರವಳು. ಶಾಲೆಯಲ್ಲಿ ಗೆಳತಿಯರ ಜೊತೆ ಕನ್ನಡಿ ಮುಂದೆ ಕಾಲೆತ್ತಿ ಕುಣಿಯೋಕೆ ಕಲಿತ ಹಾಡು ಅದು. ಅಂದು ಖುಷಿಗೆ ಕಲಿತದ್ದು, ಇಂದು ಪೊಲೀಸರ ಎದುರು ನಡುಗುವ ದನಿಗೆ ಆಸರೆಯಾಯಿತು. ಆ ವಿಡಿಯೋ ದೇಶವೆಲ್ಲಾ ಓಡಾಡಿತು. ಆಗಸ್ಟ್ 3ರಂದು ವಿಶ್ವವಿದ್ಯಾಲಯ ಯೋಜನೆ ಕೈಬಿಟ್ಟಿತು.

ಹುಡುಗಿಯರು ಎದ್ದು ಮನೆಗೆ ಹೋಗಲಿಲ್ಲ. ಮುಖ್ಯಸ್ಥೆ ರಾಜೀನಾಮೆ ಕೊಡಲಿ ಅಂತ ಕೂತರು. ಅಷ್ಟರಲ್ಲಿ ಅಧ್ಯಕ್ಷೆ ಪಾರ್ಕ್ ಗ್ಯುನ್ ಹೇ ಅವರ ಆಪ್ತೆ ಚೋಯ್ ಸೂನ್ ಸಿಲ್ ಮಗಳಿಗೆ ಇದೇ ವಿಶ್ವವಿದ್ಯಾಲಯದಲ್ಲಿ ಅಡ್ಡದಾರಿಯಲ್ಲಿ ಸೀಟು ಸಿಕ್ಕಿದ್ದು ಬಯಲಾಯಿತು. ಅಕ್ಟೋಬರ್ 19ರಂದು ಮುಖ್ಯಸ್ಥೆ ರಾಜೀನಾಮೆ. ಎಳೆ ಹಿಡಿದು ಜಗ್ಗಿದರೆ ಇಡೀ ಸರ್ಕಾರವೇ ಬಿಚ್ಚಿಕೊಳ್ತಾ ಹೋಯಿತು. ಜನ ಮೇಣದಬತ್ತಿ ಹಿಡಿದು ಬೀದಿಗೆ ಬಂದರು. ಗಾಳಿ ಬೀಸಿದರೆ ಮೇಣದಬತ್ತಿ ಆರುತ್ತೆ ಅಂತ ಆಡಳಿತ ಪಕ್ಷದ ಸಂಸದರೊಬ್ಬರು ಹಂಗಿಸಿದರು. ಜನ ಏನು ಮಾಡಿದರು? ಮುಂದಿನ ವಾರ ಗಾಳಿಗೆ ಆರದ ಬ್ಯಾಟರಿ ದೀಪ ತಂದರು! ಡಿಸೆಂಬರ್ 9ರಂದು ಸಂಸತ್ತು 234 ಮತಗಳಿಂದ ವಾಗ್ದಂಡನೆ ಅಂಗೀಕರಿಸಿತು. 2017ರ ಮಾರ್ಚ್ 10ರಂದು ಸಂವಿಧಾನ ನ್ಯಾಯಾಲಯ ಅಧ್ಯಕ್ಷೆಯನ್ನು ಪದಚ್ಯುತಗೊಳಿಸಿತು. ಆಕೆ ಯಾರು? 'ಬೆಳಗಿನ ಇಬ್ಬನಿ'ಯನ್ನು ನಿಷೇಧಿಸಿದ ಪಾರ್ಕ್ ಚುಂಗ್ ಹೀ ಮಗಳು. ಒಂದು ಹಾಡಿಗೆ ಅಪ್ಪ ಹೆದರಿದ್ದರು. ಇನ್ನೊಂದು ಹಾಡು ಹಾಡುತ್ತಾ ಕೂತ ಹುಡುಗಿಯರಿಂದ ಶುರುವಾದ ಸುಳಿಯಲ್ಲಿ ಮಗಳು ಕುರ್ಚಿ ಕಳೆದುಕೊಂಡರು.

2020ರಲ್ಲಿ ಥಾಯ್ಲೆಂಡಿನ ವಿದ್ಯಾರ್ಥಿಗಳೂ ಬ್ಯಾಂಕಾಕ್ ಬೀದಿಯಲ್ಲಿ ಇದೇ ಹಾಡು ಹಾಡಿದರು. 2022ರ ಆಗಸ್ಟ್ 5ಕ್ಕೆ, ಅಧಿಕೃತ ಪಾದಾರ್ಪಣೆಯ ಹದಿನೈದನೇ ವರ್ಷಕ್ಕೆ ಸರಿಯಾಗಿ, ಎಂಟು ಜನ ಮತ್ತೆ ಒಂದಾಗಿ 'ಫಾರೆವರ್ 1' ಹಾಡಿದರು. ಬರೆದವರು ಅದೇ ಕೆಂಜಿ.

ಇನ್ನು 2024ರ ಡಿಸೆಂಬರ್ 3. ನಮ್ಮ ಸಮಯ ಸಂಜೆ ಏಳರ ಹತ್ತಿರ, ಅಲ್ಲಿ ರಾತ್ರಿ ಹತ್ತೂವರೆ. ಅಧ್ಯಕ್ಷ ಯೂನ್ ಟೀವಿಯಲ್ಲಿ ಕಾಣಿಸಿಕೊಂಡು ಮಿಲಿಟರಿ ಆಡಳಿತ ಘೋಷಿಸಿದರು. 1980ರ ನಂತರ ಮೊದಲ ಸಲ! ನಾನು ಪ್ರೈಮ್ ಟೈಮಿಗೆ ಸಿದ್ಧವಾಗ್ತಿದ್ದೆ, ಪ್ರಾಂಪ್ಟರಿನಲ್ಲಿ ಇದ್ದದ್ದೆಲ್ಲ ಅಳಿಸಿ ಹೊಸದಾಗಿ ಬರೆಸಿದೆವು. ಹೆಲಿಕಾಪ್ಟರಿನಲ್ಲಿ ಸೈನಿಕರು ಸಂಸತ್ತಿಗೆ ಇಳಿದರು. ಸಂಸದರು ಗೋಡೆ ಹತ್ತಿ ಒಳಗೆ ಹೋದರು. ನಮ್ಮ ಒಂಬತ್ತೂವರೆಗೆ, ಅಲ್ಲಿ ನಡುರಾತ್ರಿ ಒಂದಕ್ಕೆ, ಹಾಜರಿದ್ದ 190 ಸಂಸದರೂ ಒಕ್ಕೊರಲಿನಿಂದ ಆ ಆದೇಶ ಹಿಂತೆಗೆಯಿರಿ ಅಂತ ಮತ ಹಾಕಿದರು. ಬೆಳಗಾಗುವ ಮೊದಲೇ ಆದೇಶ ವಾಪಸ್.

ಆಮೇಲೆ ಶುರುವಾಯ್ತು ಬೀದಿ. ಡಿಸೆಂಬರ್ 7ರ ಮೊದಲ ವಾಗ್ದಂಡನೆ ಕೋರಂ ಇಲ್ಲದೆ ಬಿದ್ದುಹೋಯಿತು. ಜನ ಜಾಸ್ತಿಯಾದರು. ಈ ಸಲ ಮುಂದೆ ನಿಂತಿದ್ದು ಯುವತಿಯರು. ಕೈಯಲ್ಲಿ ಮೇಣದಬತ್ತಿಯ ಜಾಗಕ್ಕೆ ಅಭಿಮಾನದ ದೀಪದ ಕೋಲು. ಮನೆಯಲ್ಲಿ ಇದ್ದ, ಗಾಳಿಗೆ ಆರದ, ತಮಗೆ ಪ್ರೀತಿಯ ದೀಪ ಅದೇ ತಾನೆ? ಡಿಸೆಂಬರ್ 14ರಂದು 204 ಮತ ಬಿತ್ತು ಅಂತ ಸ್ಪೀಕರ್ ಹೇಳುತ್ತಿದ್ದಂತೆ ಹೊರಗೆ ಆ ಜನಸಾಗರ ಹಾಡಿದ ಹಾಡು ಅದೇ, ಮತ್ತೆ ಭೇಟಿಯಾದ ಲೋಕ. 2025ರ ಏಪ್ರಿಲ್ 4ರಂದು ಸಂವಿಧಾನ ನ್ಯಾಯಾಲಯದ ಎಂಟೂ ನ್ಯಾಯಮೂರ್ತಿಗಳು ಯೂನ್ ಪದಚ್ಯುತಿಯನ್ನು ಎತ್ತಿಹಿಡಿದರು.

ಈಗ ಆ ಕತ್ತಲೆ ನೆನಪಿಸಿಕೊಳ್ಳಿ. 2008ರಲ್ಲಿ ಇದೇ ಒಂಬತ್ತು ಹುಡುಗಿಯರು ಎದುರಿಗೆ ನಿಂತಾಗ ಹುಡುಗಿಯರೇ ದೀಪ ಆರಿಸಿ ಕೂತಿದ್ದರು. ಹದಿನಾರು ವರ್ಷದ ಮೇಲೆ, ಹಿಂದೆ ಪರಸ್ಪರ ಕಿತ್ತಾಡಿದ ಎಲ್ಲ ಗುಂಪುಗಳ ಅಭಿಮಾನಿಗಳೂ ತಮ್ಮ ತಮ್ಮ ಬಣ್ಣದ ದೀಪ ಎತ್ತಿ ಹಿಡಿದು ಒಂದೇ ಚಳಿಯಲ್ಲಿ ಅವರ ಹಾಡು ಹಾಡಿದರು.

ಕಂಪನಿ ಇದನ್ನು ಮಾರೋಕೆ ಮಾಡಿದ ಹಾಡು ಅಂತ ನೀವು ಹೇಳಬಹುದು. ನಿಜ. ಆ ಹುಡುಗಿಯರ ಬಾಲ್ಯವನ್ನು ಬೆಲೆಯಾಗಿ ಕೊಟ್ಟೇ ಅದು ತಯಾರಾದದ್ದು, ಅದನ್ನು ಮರೆಯಬಾರದು. ಆದರೆ ಹಾಡು ಒಮ್ಮೆ ಜನರ ಬಾಯಿಗೆ ಹೋದ ಮೇಲೆ ಅದರ ಯಜಮಾನ ಯಾರು? ಯಾವ ಹಾಡು ಹೋರಾಟದ್ದು ಅಂತ ತೀರ್ಮಾನ ಮಾಡೋರು ಬರೆದವರಲ್ಲ, ಮಾರಿದವರಲ್ಲ, ಸ್ಟುಡಿಯೋದಲ್ಲಿ ಕೂತ ನನ್ನಂಥವರಂತೂ ಅಲ್ಲವೇ ಅಲ್ಲ. ಭಯವಾದಾಗ ಜನ ಯಾವುದನ್ನು ಒಟ್ಟಿಗೆ ಹಾಡ್ತಾರೋ ಅದು.

ಮರುದಿನ ಭಾನುವಾರ ಅದೇ ವಿಷುವಲ್ ಮತ್ತೆ ಓಡಿಸಿದೆವು. ಡೆಸ್ಕಿನ ಆ ಹುಡುಗಿಯನ್ನು ಕರೆದು, "ಎಷ್ಟು ಸೆಕೆಂಡ್ ಬೇಕಮ್ಮಾ?" ಅಂತ ಕೇಳಿದೆ. "ನಲವತ್ತು ಕೊಡಿ ಸಾರ್" ಅಂದಳು. ಟೀವಿಯಲ್ಲಿ ನಲವತ್ತು ಸೆಕೆಂಡ್ ಅಂದರೆ ಒಂದು ಯುಗ. ಕೊಟ್ಟೆ. ಆ ನಲವತ್ತು ಸೆಕೆಂಡ್ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ.